ಒಂದೇ ಸಿಂಫನಿ, ಒಬ್ಬನೇ ಮನುಷ್ಯ, ಮೂರು ಟೇಪು

ನಮ್ಮ ಜೂನಿಯರ್‌ಗಳಲ್ಲಿ ಎಷ್ಟು ಜನ ಸಿಡಿಯನ್ನ ಕೈಯಲ್ಲಿ ಹಿಡಿದು ನೋಡಿದ್ದಾರೋ ಗೊತ್ತಿಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನ ಹಾಕೋಕೆ ಜಾಗವೇ ಇರಲ್ಲ. ಆದ್ರೂ ಎರರ್ ಕರೆಕ್ಷನ್ ಪಾಠ ಶುರುವಾದಾಗ ಸಿಡಿಯ ಉದಾಹರಣೆ ಬಂದೇ ಬರತ್ತೆ. ಅದರ ಹಿಂದೆಯೇ ಒಂದು ಕಥೆಯೂ ಬರತ್ತೆ. ಸಿಡಿಯಲ್ಲಿ 74 ನಿಮಿಷದ ಸಂಗೀತ ಯಾಕೆ ಹಿಡಿಸತ್ತೆ ಅಂದ್ರೆ, ಬೀಥೋವನ್‌ನ ಒಂಬತ್ತನೇ ಸಿಂಫನಿ ಪೂರ್ತಿ ಒಂದೇ ತಟ್ಟೆಯಲ್ಲಿ ಕೂರಬೇಕು ಅಂತ ಸೋನಿ ಕಂಪನಿಯವರು ಹಟ ಹಿಡಿದರಂತೆ. ಆಗ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಉದ್ದದ ರೆಕಾರ್ಡಿಂಗ್ 1951ರದ್ದು, 74 ನಿಮಿಷ. ಅದಕ್ಕೆ ಸರಿಯಾಗಿ ತಟ್ಟೆಯ ವ್ಯಾಸ 12 ಸೆಂಟಿಮೀಟರ್ ಆಯ್ತಂತೆ.

ಕಥೆ ಚೆನ್ನಾಗಿದೆ, ಆದರೆ ಪೂರ್ತಿ ನಂಬೋ ಹಾಗಿಲ್ಲ. ಸಿಡಿಯ ಕೋಡಿಂಗ್ ಮೇಲೆ ಕೆಲಸ ಮಾಡಿದ ಫಿಲಿಪ್ಸ್‌ನ ಇಂಜಿನಿಯರ್ ಕೀಸ್ ಇಮ್ಮಿಂಕ್ ಹೇಳೋದೇ ಬೇರೆ. ಫಿಲಿಪ್ಸ್ ಕಡೆಯವರು 11.5 ಸೆಂಟಿಮೀಟರ್ ತಟ್ಟೆಗೆ ಕಾರ್ಖಾನೆ ಸಿದ್ಧ ಮಾಡಿಕೊಂಡಿದ್ದರು. ಅಳತೆ ಬದಲಾದರೆ ಆ ಮುನ್ನಡೆ ಹೋಗತ್ತೆ ಅನ್ನೋ ವ್ಯಾಪಾರದ ಲೆಕ್ಕ ಸೋನಿಯದ್ದು. ಅದೂ ಅಲ್ಲದೆ, ಆ ಕಾಲದ ಮಾಸ್ಟರ್ ಟೇಪಿನಲ್ಲಿ 72 ನಿಮಿಷಕ್ಕಿಂತ ಹೆಚ್ಚು ಹಿಡಿಸ್ತಾನೇ ಇರಲಿಲ್ಲ. ಅಂದರೆ ಯಾವ ರೆಕಾರ್ಡಿಂಗ್‌ಗಾಗಿ ಸಿಡಿ ಹುಟ್ಟಿತು ಅಂತಾರೋ ಅದೇ ಮೊದಲ ಸಿಡಿಗಳ ಮೇಲೆ ಕೂರ್ತಾ ಇರಲಿಲ್ಲ!

ಈ ಕಥೆ ನಿಜವೋ ಸುಳ್ಳೋ ಅಂತ ಹುಡುಕ್ತಾ ಹೋಗಿ ನಾನು ಆ 74 ನಿಮಿಷದಲ್ಲಿ ಸಿಕ್ಕಿಹಾಕಿಕೊಂಡೆ. ಅದನ್ನ ನಡೆಸಿದವನ ಹೆಸರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಬದುಕಿನುದ್ದಕ್ಕೂ ಆತ ಒಂಬತ್ತನೇ ಸಿಂಫನಿಯನ್ನ ಮತ್ತೆ ಮತ್ತೆ ನಡೆಸಿದ. ಆದರೆ ಒಮ್ಮೆಯೂ ಸ್ಟುಡಿಯೋದಲ್ಲಿ ಕೂತು ಅದನ್ನ ರೆಕಾರ್ಡ್ ಮಾಡಲಿಲ್ಲ. ಉಳಿದಿರೋದೆಲ್ಲ ಜನರ ಮುಂದೆ ನಡೆದ ಕಛೇರಿಗಳ ಟೇಪುಗಳು. ಅವುಗಳಲ್ಲಿ 1942, 1951, 1954 ಈ ಮೂರನ್ನ ಸೆಮಿಸ್ಟರ್ ರಜೆಯಲ್ಲಿ ಒಂದಾದ ಮೇಲೊಂದು ಕೇಳಿದೆ. ನುಡಿಸಬೇಕಾದ ಸ್ವರಗಳು ಮೂರರಲ್ಲೂ ಅವೇ. ಕೇಳಿಸೋದು ಮಾತ್ರ ಮೂರು ಬೇರೆ ಬೇರೆ ಕಾಲ.

ಆತ ಹುಟ್ಟಿದ್ದು 1886ರ ಜನವರಿ 25ರಂದು, ಬರ್ಲಿನ್‌ನಲ್ಲಿ. ಅಪ್ಪ ಅಡಾಲ್ಫ್ ಫುರ್ಟ್‌ವೆಂಗ್ಲರ್ ಗ್ರೀಕ್ ಶಿಲ್ಪಗಳ ವಿಷಯದಲ್ಲಿ ದೊಡ್ಡ ಹೆಸರು ಮಾಡಿದ ಪುರಾತತ್ವಜ್ಞ. ಅಮ್ಮ ಚಿತ್ರ ಬರೀತಿದ್ದಳು. ಅಪ್ಪನಿಗೆ ಮ್ಯೂನಿಕ್‌ನಲ್ಲಿ ಪ್ರೊಫೆಸರ್ ಕೆಲಸ ಆದ ಮೇಲೆ ಹುಡುಗ ಅಲ್ಲೇ ಬೆಳೆದ. ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳಿಸಿದರು. ಏಳು ವರ್ಷಕ್ಕೆ ಸ್ವಂತ ಸಂಗೀತ ಬರೆಯೋಕೆ ಶುರು ಮಾಡಿದ್ದ. ತಾನು ಸಂಗೀತ ರಚನೆಕಾರ ಆಗಬೇಕು ಅನ್ನೋದೇ ಅವನ ಆಸೆ. ಕಡೇವರೆಗೂ ತನ್ನನ್ನ ಹಾಗೇ ಅಂದುಕೊಂಡಿದ್ದ, ಜಗತ್ತು ಹಾಗೆ ಅಂದುಕೊಳ್ಳಲಿಲ್ಲ ಅಷ್ಟೆ. 1907ರಲ್ಲಿ ಅಪ್ಪ ಅಥೆನ್ಸ್‌ನಲ್ಲಿ ತೀರಿಕೊಂಡ. ಸಂಪಾದನೆ ಬೇಕಾಗಿತ್ತು. ಅದಕ್ಕೆ ಕಂಡಕ್ಟರ್ ಕೆಲಸ ಹಿಡಿದ.

ಕಂಡಕ್ಟರ್ ಅಂದ ತಕ್ಷಣ ನಮಗೆ ಟಿಕೆಟ್ ನೆನಪಾಗತ್ತೆ. ಇಲ್ಲಿ ಅದು ಎಂಬತ್ತು-ನೂರು ಜನ ವಾದ್ಯಗಾರರ ಮುಂದೆ ಕೋಲು ಹಿಡಿದು ನಿಲ್ಲೋ ಮನುಷ್ಯ. ಬಾಯಿ ಬಿಡಲ್ಲ, ವಾದ್ಯ ಮುಟ್ಟಲ್ಲ. ಲಯ ಎಷ್ಟು, ಎಲ್ಲಿ ಏರಬೇಕು, ಎಲ್ಲಿ ಇಳೀಬೇಕು, ಯಾವ ವಾದ್ಯ ಮುಂದೆ ಬರಬೇಕು ಅನ್ನೋದನ್ನ ಕೈಯಲ್ಲೇ ಹೇಳಬೇಕು. ಫುರ್ಟ್‌ವೆಂಗ್ಲರ್‌ನ ಕೈ ಈ ವಿಷಯದಲ್ಲಿ ಕುಖ್ಯಾತ. ಕೋಲು ಗಾಳಿಯಲ್ಲಿ ನಡುಗುತ್ತಾ ಇಳಿಯೋದು, ಪೆಟ್ಟು ಎಲ್ಲಿ ಬೀಳತ್ತೆ ಅಂತ ಹೊಸಬರಿಗೆ ತಿಳೀತಾನೇ ಇರಲಿಲ್ಲ. ವಾದ್ಯಗಾರರು ಇದರ ಮೇಲೆ ತಮಾಷೆ ಕಟ್ಟಿಕೊಂಡು ಓಡಾಡ್ತಿದ್ದರು. ಆದರೆ ಆ ಅಸ್ಪಷ್ಟ ಪೆಟ್ಟಿನಿಂದಲೇ ಒಂದು ದಪ್ಪನೆಯ, ತಳದಿಂದ ಎದ್ದು ಬರೋ ನಾದ ಹುಟ್ಟುತ್ತಿತ್ತು. ಟೇಪುಗಳಲ್ಲೂ ಅದು ಕೇಳಿಸತ್ತೆ.

ಬ್ರೆಸ್ಲಾವ್, ಜ್ಯೂರಿಕ್, ಸ್ಟ್ರಾಸ್‌ಬರ್ಗ್‌ಗಳಲ್ಲಿ ಸಣ್ಣಪುಟ್ಟ ಕೆಲಸ ಮಾಡಿ, 1911ರಲ್ಲಿ ಲೂಬೆಕ್ ಊರಿನ ಆರ್ಕೆಸ್ಟ್ರಾಕ್ಕೆ ಬಂದ. 1915ರಿಂದ ಐದು ವರ್ಷ ಮ್ಯಾನ್‌ಹೈಮ್. ಈ ಅವಧಿಯಲ್ಲಿ ಅವನ ಕೈಗೆ ಬಂದ ಒಂದು ಪುಸ್ತಕದ ಬಗ್ಗೆ ಹೇಳಬೇಕು. ವಿಯೆನ್ನಾದ ಹೈನ್ರಿಶ್ ಶೆಂಕರ್ ಎಂಬ ವಿದ್ವಾಂಸ ಒಂಬತ್ತನೇ ಸಿಂಫನಿ ಒಂದರ ಮೇಲೆಯೇ 1912ರಲ್ಲಿ ಒಂದು ಗ್ರಂಥ ಪ್ರಕಟಿಸಿದ್ದ. ಬಿಡಿ ಸ್ವರ, ಬಿಡಿ ರಾಗಗಳ ಹಿಂದೆ ಇಡೀ ಕೃತಿಯನ್ನ ಹಿಡಿದಿಡೋ ಒಂದು ಉದ್ದನೆಯ ಎಳೆ ಇರತ್ತೆ ಅನ್ನೋದು ಶೆಂಕರ್ ಹಿಡಿದ ದಾರಿ. ಫುರ್ಟ್‌ವೆಂಗ್ಲರ್ ಅವನನ್ನ ಹುಡುಕಿಕೊಂಡು ಹೋಗಿ, ವರ್ಷಗಟ್ಟಲೆ ಸ್ಕೋರ್ ಮುಂದಿಟ್ಟುಕೊಂಡು ಪಾಠ ಕೇಳಿದ. ಮುಂದೆ ಅವನು ಲಯವನ್ನ ಎಳೆದದ್ದು, ಬಿಗಿದದ್ದು ಎಲ್ಲ ಮನಸ್ಸಿಗೆ ಬಂದ ಹಾಗೆ ಮಾಡಿದ್ದು ಅಂತ ಯಾರಾದ್ರೂ ಹೇಳಿದರೆ ಈ ಪಾಠಗಳನ್ನ ನೆನಪಿಸಬೇಕು.

1922ರಲ್ಲಿ ಆರ್ಥರ್ ನಿಕಿಶ್ ತೀರಿಕೊಂಡಾಗ ಲೈಪ್‌ಜಿಗ್ ಮತ್ತು ಬರ್ಲಿನ್ ಫಿಲ್‌ಹಾರ್ಮೊನಿಕ್ ಎರಡೂ ಜಾಗಗಳು ಫುರ್ಟ್‌ವೆಂಗ್ಲರ್‌ಗೆ ಸಿಕ್ಕವು. ಆಗ ವಯಸ್ಸು 36. ಜರ್ಮನಿಯ ಸಂಗೀತದಲ್ಲಿ ಅದಕ್ಕಿಂತ ಮೇಲೆ ಹತ್ತೋಕೆ ಮೆಟ್ಟಿಲಿರಲಿಲ್ಲ.

ರೆಕಾರ್ಡಿಂಗ್ ಅಂದ್ರೆ ಅವನಿಗೆ ಆಗ್ತಿರಲಿಲ್ಲ. ಕಾರಣ ಸುಲಭ. ಆಗಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ನಾಲ್ಕು-ನಾಲ್ಕೂವರೆ ನಿಮಿಷ. 70 ನಿಮಿಷದ ಸಿಂಫನಿಗೆ ಹದಿನಾರು ಬದಿ. ಪ್ರತಿ ನಾಲ್ಕು ನಿಮಿಷಕ್ಕೆ ನಿಲ್ಲಿಸು, ಮೇಣ ಬದಲಿಸು, ಮತ್ತೆ ಶುರು ಮಾಡು. ಉದ್ದನೆಯ ಎಳೆ ಹಿಡಿಯೋದನ್ನೇ ಕಲಿತವನಿಗೆ ಇದು ಹೇಗಿರಬೇಡ? 1926ರಲ್ಲಿ ಬೀಥೋವನ್‌ನ ಐದನೇ ಸಿಂಫನಿಯನ್ನ ಹೀಗೇ ತುಂಡು ತುಂಡಾಗಿ ಮುಗಿಸಿದ. ಒಂಬತ್ತನೆಯದರ ತಂಟೆಗೆ ಹೋಗಲಿಲ್ಲ.

ಈಗ ಸಿಂಫನಿಯ ಬಗ್ಗೆ ಒಂದೆರಡು ಮಾತು, ಇಲ್ಲದಿದ್ದರೆ ಮುಂದಿನ ಹೋಲಿಕೆ ತಲೆಬುಡ ತಿಳಿಯಲ್ಲ. 1824ರ ಮೇ 7ರಂದು ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದರು, ಬೀಥೋವನ್‌ಗೆ ಆಗ ಕಿವಿ ಕೇಳಿಸ್ತಿರಲಿಲ್ಲ. ನಾಲ್ಕು ಭಾಗ. ಕೊನೇ ಭಾಗದಲ್ಲಿ ಶಿಲ್ಲರ್ ಎಂಬ ಕವಿಯ ಪದ್ಯವನ್ನ ಗಾಯಕವೃಂದ ಹಾಡತ್ತೆ, ಮನುಷ್ಯರೆಲ್ಲ ಒಂದಾಗೋ ಸಂತೋಷದ ಪದ್ಯ. ಶುರು ಮಾತ್ರ ಬಹಳ ವಿಚಿತ್ರ. ನಮ್ಮವರು ತಂಬೂರಿ ಮೀಟ್ತಾರಲ್ಲ, ಹಾಗೆ ಬರೀ ಷಡ್ಜ, ಪಂಚಮ. ಗಾಂಧಾರ ಇಲ್ಲ. ಸಾಧಾರಣ ಗಾಂಧಾರವೋ ಅಂತರ ಗಾಂಧಾರವೋ ಗೊತ್ತಾಗದೆ ಇದು ದುಃಖದ ಸಂಗೀತವೋ ಸಂತೋಷದ್ದೋ ಅಂತ ಹೇಳೋಕಾಗಲ್ಲ. ಆ ಮಬ್ಬಿನಲ್ಲಿ ಪಿಟೀಲಿನ ತುಣುಕುಗಳು ಹನಿ ಹನಿಯಾಗಿ ಬೀಳ್ತಾ, ಇದ್ದಕ್ಕಿದ್ದ ಹಾಗೆ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಬಂದು ಅಪ್ಪಳಿಸತ್ತೆ.

ಮೊದಲ ಭಾಗದಲ್ಲಿ 547 ಬಾರ್‌ಗಳು, ಪ್ರತಿ ಬಾರ್‌ಗೆ ಎರಡು ಪೆಟ್ಟು. ಬೀಥೋವನ್ ಬರೆದಿಟ್ಟ ಮೆಟ್ರೊನೋಮ್ ವೇಗ ನಿಮಿಷಕ್ಕೆ 88 ಪೆಟ್ಟು. 1094ನ್ನ 88ರಿಂದ ಭಾಗಿಸಿದರೆ ಸುಮಾರು ಹನ್ನೆರಡೂವರೆ ನಿಮಿಷ. ಇಟಲಿಯ ಆರ್ಟುರೊ ಟೊಸ್ಕನಿನಿ 1952ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ ರೆಕಾರ್ಡಿಂಗ್‌ನಲ್ಲಿ ಈ ಭಾಗ ಹದಿಮೂರೂವರೆ ನಿಮಿಷ, ಅಂದರೆ ಸರಾಸರಿ 81ರ ವೇಗ. ಫುರ್ಟ್‌ವೆಂಗ್ಲರ್‌ನದ್ದು ಹದಿನೇಳೂವರೆಯ ಆಸುಪಾಸು, ಸರಾಸರಿ 62-63. ಮಾರ್ಕ್ಸ್ ಹಾಕೋದಾದರೆ ಟೊಸ್ಕನಿನಿ ಡಿಸ್ಟಿಂಕ್ಷನ್, ಫುರ್ಟ್‌ವೆಂಗ್ಲರ್ ಫೇಲ್. ಆದರೆ ಸರಾಸರಿ ಎಷ್ಟು ಮೋಸ ಮಾಡತ್ತೆ ಅಂತ ನಮಗೆ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಹೇಳಿಕೊಟ್ಟಿದ್ದಾರಲ್ಲ. ಟೊಸ್ಕನಿನಿಯ ವೇಗದ ಗ್ರಾಫ್ ಹಾಕಿದರೆ ಹೆಚ್ಚುಕಮ್ಮಿ ನೇರ ಗೆರೆ ಬರತ್ತೆ. ಇವನದ್ದು ಮಲೆನಾಡಿನ ರಸ್ತೆ. ದೊಡ್ಡ ತಿರುವು ಬರೋಕೆ ಮುಂಚೆ ನಿಧಾನ, ತಿರುಗಿದ ಮೇಲೆ ನಿಮಗೆ ಗೊತ್ತಾಗದ ಹಾಗೆ ಬಿರುಸು. ಇಬ್ಬರಲ್ಲಿ ಯಾರು ಸರಿ ಅಂತ ನನ್ನನ್ನ ಕೇಳಿದರೆ, ಬೀಥೋವನ್ ಏನು ಬರೆದ ಅಂತ ತಿಳೀಬೇಕಾದಾಗ ಟೊಸ್ಕನಿನಿ ಕೇಳ್ತೀನಿ. ಉಳಿದ ದಿನ ಫುರ್ಟ್‌ವೆಂಗ್ಲರ್.

ಈ ಇಬ್ಬರ ಹೋಲಿಕೆ ಲಯಕ್ಕೇ ಮುಗಿಯಲ್ಲ. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಟೊಸ್ಕನಿನಿ ಅದಕ್ಕೂ ಮುಂಚೆಯೇ, 1931ರಲ್ಲಿ, ಮುಸೊಲಿನಿಯ ಪಕ್ಷದ ಹಾಡು ನುಡಿಸಲ್ಲ ಅಂದು ಬೊಲೋನ್ಯಾದಲ್ಲಿ ಕಪಾಳಕ್ಕೆ ಏಟು ತಿಂದಿದ್ದ. 1933ರಲ್ಲಿ ಜರ್ಮನಿಯ ಬೈರಾಯ್ಟ್ ಉತ್ಸವಕ್ಕೆ ಬರಲ್ಲ ಅಂದ. ಯಹೂದಿ ಸಂಗೀತಗಾರರು ಗುಂಪು ಗುಂಪಾಗಿ ದೇಶ ಬಿಟ್ಟರು. ಫುರ್ಟ್‌ವೆಂಗ್ಲರ್ ಬಿಡಲಿಲ್ಲ.

ಬಿಡಲಿಲ್ಲ ಅಂದ ಮಾತ್ರಕ್ಕೆ ಸುಮ್ಮನೆ ಕೂತ ಅಂತಲೂ ಅಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಬಹಿರಂಗ ಪತ್ರ ಬರೆದ. ಕಲೆಯಲ್ಲಿ ಒಳ್ಳೇದು ಕೆಟ್ಟದ್ದು ಅನ್ನೋ ಭೇದ ಬಿಟ್ಟು ಬೇರೆ ಭೇದ ಸಲ್ಲದು, ಬ್ರೂನೊ ವಾಲ್ಟರ್, ಕ್ಲೆಂಪರರ್ ಅಂಥವರಿಗೆ ಈ ದೇಶದಲ್ಲಿ ಜಾಗ ಇರಬೇಕು ಅನ್ನೋದು ಅದರ ತಿರುಳು. ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಅದೇ ಪತ್ರವನ್ನ ಎಚ್ಚರದಿಂದ ಓದಿದರೆ ಮನಸ್ಸು ಮುದುಡತ್ತೆ. ಬೇರು ಕೀಳೋ ಥರದ ಯಹೂದಿಗಳ ವಿರುದ್ಧ ಹೋರಾಟ ನಡೆದರೆ ತನ್ನ ತಕರಾರಿಲ್ಲ ಅನ್ನೋ ಅರ್ಥದ ಮಾತೂ ಅದರಲ್ಲಿದೆ. ತನ್ನವರನ್ನ ಉಳಿಸಿಕೊಳ್ಳೋಕೆ ಹಾಗೆ ಬರೆದನೋ, ಹಾಗೇ ನಂಬಿದ್ದನೋ? ಎರಡೂ ಇರಬಹುದು ಅಂತ ನನಗನ್ನಿಸತ್ತೆ. ಹೊಸ ಸರ್ಕಾರ ಕೊಟ್ಟ ಸ್ಟೇಟ್ ಕೌನ್ಸಿಲರ್ ಬಿರುದು, ಸಂಗೀತ ಮಂಡಳಿಯ ಉಪಾಧ್ಯಕ್ಷ ಪಟ್ಟ ಎರಡನ್ನೂ ತಗೊಂಡ. ನಾಜಿ ಪಕ್ಷಕ್ಕೆ ಮಾತ್ರ ಯಾವತ್ತೂ ಸೇರಲಿಲ್ಲ.

ಮರುವರ್ಷ ಹಿಂಡೆಮಿತ್ ಎಂಬ ಸಂಗೀತ ರಚನೆಕಾರನ ಮೇಲೆ ಸರ್ಕಾರದ ಕಣ್ಣು ಬಿತ್ತು. ಅವನ ಹೊಸ ಒಪೆರಾವನ್ನ ಆಡಿಸೋ ಹಾಗಿಲ್ಲ ಅಂತಾಯ್ತು. ಫುರ್ಟ್‌ವೆಂಗ್ಲರ್ 1934ರ ನವೆಂಬರ್ 25ರಂದು ಪತ್ರಿಕೆಯ ಮುಖಪುಟದಲ್ಲೇ ಅವನ ಪರವಾಗಿ ಲೇಖನ ಬರೆದ. ಹತ್ತು ದಿನದೊಳಗೆ ಎಲ್ಲಾ ಹುದ್ದೆಗಳಿಗೂ ರಾಜೀನಾಮೆ ಕೊಡಬೇಕಾಯಿತು. ಕಥೆ ಇಲ್ಲೇ ಮುಗಿದಿದ್ದರೆ ಆತ ಇವತ್ತು ಹೀರೋ. ನಾಲ್ಕೇ ತಿಂಗಳಿಗೆ ರಾಜಿಯಾದ. ದೇಶದ ಕಲಾನೀತಿ ಹಿಟ್ಲರನ ಕೈಯಲ್ಲಿದೆ ಅಂತ ಒಪ್ಪಿಕೊಂಡು, ಹುದ್ದೆ ಇಲ್ಲದೆ ಅತಿಥಿಯಾಗಿ ಕೋಲು ಹಿಡೀತೀನಿ ಅಂತ 1935ರ ಏಪ್ರಿಲ್‌ನಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್ ಮುಂದೆ ಮತ್ತೆ ನಿಂತ. ಅವನ ಯಹೂದಿ ಸೆಕ್ರೆಟರಿ ಬೆರ್ಟಾ ಗೈಸ್ಮರ್ ಅಷ್ಟು ಹೊತ್ತಿಗೆ ಕೆಲಸ ಕಳೆದುಕೊಂಡಿದ್ದಳು. ಆಮೇಲೆ ಲಂಡನ್ ಸೇರಿದಳು. ಆರ್ಕೆಸ್ಟ್ರಾದ ಮೊದಲ ಪಿಟೀಲು ಶಿಮೊನ್ ಗೋಲ್ಡ್‌ಬರ್ಗ್ ಆಗಲೇ ಹೊರಟುಹೋಗಿದ್ದ.

1936ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನಿಂದ ಟೊಸ್ಕನಿನಿ ನಿವೃತ್ತನಾದಾಗ ಆ ಜಾಗಕ್ಕೆ ಕರೆ ಬಂದದ್ದು ಇವನಿಗೇ. ಅಮೆರಿಕದಲ್ಲಿ ಪ್ರತಿಭಟನೆ ಎದ್ದಿತು, ಬರಲ್ಲ ಅಂತ ತಂತಿ ಕಳಿಸಿದ. ಮರುವರ್ಷ ಸಾಲ್ಜ್‌ಬರ್ಗ್ ಉತ್ಸವದಲ್ಲಿ ಇಬ್ಬರೂ ಎದುರಾದರು. ಹಿಟ್ಲರನ ದೇಶದಲ್ಲಿ ಕೋಲು ಹಿಡಿಯೋನಿಗೆ ಇಲ್ಲಿ ಹಿಡಿಯೋ ಹಕ್ಕಿಲ್ಲ ಅನ್ನೋದು ಟೊಸ್ಕನಿನಿಯ ವಾದ. ಬೀಥೋವನ್ ನುಡಿಯೋ ಕಡೆ ಮನುಷ್ಯ ಸ್ವತಂತ್ರನಾಗೇ ಇರ್ತಾನೆ ಅನ್ನೋದು ಇವನದ್ದು. ಆ ಉತ್ಸವದಲ್ಲಿ ಫುರ್ಟ್‌ವೆಂಗ್ಲರ್ ನಡೆಸಿದ್ದು ಒಂಬತ್ತನೇ ಸಿಂಫನಿಯನ್ನೇ.

ಇನ್ನು ಟೇಪಿನ ವಿಷಯ. ಇಲೆಕ್ಟ್ರಾನಿಕ್ಸ್‌ನವರು ಇಲ್ಲಿ ಸ್ವಲ್ಪ ಕಿವಿ ಕೊಡಿ. ಎಇಜಿ ಕಂಪನಿ ತನ್ನ ಮ್ಯಾಗ್ನೆಟೊಫೋನನ್ನ 1935ರಲ್ಲೇ ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ ಇಟ್ಟಿತ್ತು. ಆದರೆ ಸಂಗೀತಕ್ಕೆ ಅದು ಪ್ರಯೋಜನಕ್ಕೆ ಬರ್ತಿರಲಿಲ್ಲ, ಬರೀ ಸುಯ್ಯನೆ ಸದ್ದು. ಕಾರಣ ಹಿಸ್ಟರಿಸಿಸ್. ಸಣ್ಣ ಸಿಗ್ನಲ್‌ಗೆ ಟೇಪಿನ ಕಾಂತತ್ವ ನೇರ ಅನುಪಾತದಲ್ಲಿ ಏರಲ್ಲ, ನಾದ ವಿಕಾರವಾಗತ್ತೆ. 1940ರಲ್ಲಿ ಜರ್ಮನ್ ರೇಡಿಯೋದ ವಾಲ್ಟರ್ ವೆಬರ್, ಕಿವಿಗೆ ಕೇಳಿಸದಷ್ಟು ಹೆಚ್ಚಿನ ಫ್ರೀಕ್ವೆನ್ಸಿಯ ಕರೆಂಟನ್ನ ಸಿಗ್ನಲ್ ಜೊತೆ ಬೆರೆಸಿದರೆ ವಿಕಾರವೂ ಸದ್ದೂ ಎರಡೂ ಇಳಿಯತ್ತೆ ಅಂತ ಕಂಡುಕೊಂಡ. ನಾವು ಓದೋ ಎಸಿ ಬಯಾಸ್ ಇದೇ. ಟೇಪ್ ಓಡೋ ವೇಗ ಸೆಕೆಂಡಿಗೆ 77 ಸೆಂಟಿಮೀಟರ್. 1000 ಮೀಟರ್ ಸುರುಳಿಗೆ ಸುಮಾರು ಇಪ್ಪತ್ತೊಂದೂವರೆ ನಿಮಿಷ. ಒಂಬತ್ತನೇ ಸಿಂಫನಿಯ ಮೂರನೇ ಭಾಗವನ್ನ ಫುರ್ಟ್‌ವೆಂಗ್ಲರ್ ನಡೆಸ್ತಿದ್ದದ್ದು ಇಪ್ಪತ್ತು ನಿಮಿಷದ ಹತ್ತಿರ. ಅಂತೂ ಅವನ ಉದ್ದನೆಯ ಎಳೆ ತುಂಡಾಗದೆ ಹಿಡಿಸೋ ಯಂತ್ರ ಬಂತು. ಬಂದದ್ದು ಎಂಥಾ ಸರ್ಕಾರದ ಕೈಯಲ್ಲಿ, ಎಂಥಾ ಹೊತ್ತಿನಲ್ಲಿ ಅನ್ನೋದನ್ನ ಮಾತ್ರ ಮರೆಯೋಕಾಗಲ್ಲ.

1942ರ ಮಾರ್ಚ್‌ನಲ್ಲಿ ಬರ್ಲಿನ್‌ನ ಹಳೇ ಫಿಲ್‌ಹಾರ್ಮೊನಿ ಸಭಾಂಗಣದಲ್ಲಿ ಈ ಯಂತ್ರದ ಮುಂದೆ ಒಂಬತ್ತನೇ ಸಿಂಫನಿ ನಡೀತು. ಬ್ರೂನೊ ಕಿಟ್ಟಲ್ ಗಾಯಕವೃಂದ. ಒಂಟಿ ಗಾಯಕರಲ್ಲಿ ಎಲಿಜಬೆತ್ ಹೋಂಗೆನ್ ಎಂಬಾಕೆ ಒಬ್ಬಳು. ಈ ಹೆಸರು ನೆನಪಿಟ್ಟುಕೊಳ್ಳಿ.

ಇಯರ್‌ಫೋನ್ ಹಾಕಿ ಮೊದಲ ಸಲ ಕೇಳಿದಾಗ ನನಗೆ ಇದು ಸಂಗೀತ ಅನ್ನಿಸಲಿಲ್ಲ, ಅಪಘಾತ ಅನ್ನಿಸಿತು. ಮೊದಲ ಭಾಗದ ನಡುವೆ ಆರಂಭದ ಮಬ್ಬು ಮತ್ತೆ ಬರೋ ಜಾಗ ಒಂದಿದೆ. ಈ ಸಲ ಅದು ಮೆಲ್ಲಗೆ ಬರಲ್ಲ, ಪೂರ್ತಿ ದನಿಯಲ್ಲಿ ಬರತ್ತೆ. ಶುರುವಿನಲ್ಲಿ ಕಾಣೆಯಾಗಿದ್ದ ಗಾಂಧಾರವೂ ಬರತ್ತೆ, ಅದೂ ಅಂತರ ಗಾಂಧಾರ, ಸಂತೋಷದ್ದು, ತಳದ ವಾದ್ಯಗಳಲ್ಲಿ. ಆದರೆ ಕೇಳಿದರೆ ಎದೆ ಝಲ್ ಅನ್ನತ್ತೆ, ಯಾಕಂದ್ರೆ ಅದರ ಕೆಳಗೆ ಮೂವತ್ತಕ್ಕೂ ಹೆಚ್ಚು ಬಾರ್ ಟಿಂಪನಿ ನಗಾರಿ ಗುಡುಗ್ತಾನೇ ಇರತ್ತೆ. 1942ರ ಟೇಪಿನಲ್ಲಿ ಆ ನಗಾರಿ ಉಳಿದೆಲ್ಲ ವಾದ್ಯಗಳನ್ನ ನುಂಗಿಹಾಕತ್ತೆ. ಮೈಕ್ರೊಫೋನ್ ತಡೀಲಾರದೆ ಸದ್ದು ಒಡೆಯತ್ತೆ. ಕೊನೇ ಭಾಗದಲ್ಲಿ ಗಾಯಕವೃಂದ ಹಾಡೋದಕ್ಕಿಂತ ಕಿರುಚತ್ತೆ ಅನ್ನಬಹುದು. ಕಡೇ ನಿಮಿಷದ ಓಟದಲ್ಲಿ ವಾದ್ಯಗಾರರ ಕೈ ಸೋಲತ್ತೆ. ಮನುಷ್ಯರೆಲ್ಲ ಒಂದು ಅಂತ ಸಾರೋ ಹಾಡನ್ನ ಆ ಊರಲ್ಲಿ, ಆ ವರ್ಷ ಇಷ್ಟು ರೋಷದಿಂದ ಹಾಡಿದ್ದಾರೆ. ಇದು ಪ್ರತಿಭಟನೆ, ಕಂಡಕ್ಟರ್ ತನ್ನ ಸಿಟ್ಟನ್ನ ಹೀಗೆ ಹೊರಹಾಕಿದ ಅಂತ ಬಹಳ ಅಭಿಮಾನಿಗಳು ನಂಬ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ನಗಾರಿಯ ಸದ್ದಿನಿಂದ ಒಬ್ಬನ ಮನಸ್ಸಾಕ್ಷಿಯನ್ನ ಓದೋ ಅಲ್ಗಾರಿದಮ್ ಯಾರೂ ಬರೆದಿಲ್ಲ.

ಯಾಕಂದ್ರೆ ಬರೀ ನಾಲ್ಕು ವಾರದ ನಂತರ, ಏಪ್ರಿಲ್ 19ರಂದು, ಅದೇ ಬರ್ಲಿನ್‌ನಲ್ಲಿ ಅದೇ ಸಿಂಫನಿ ಮತ್ತೆ ನಡೀತು. ಮರುದಿನ ಹಿಟ್ಲರನ ಹುಟ್ಟುಹಬ್ಬ. ಇಂಥ ಕರೆಗಳಿಂದ ಹಿಂದೆಲ್ಲ ಡಾಕ್ಟರ್ ಸರ್ಟಿಫಿಕೇಟ್ ತೋರಿಸಿ ತಪ್ಪಿಸಿಕೊಂಡಿದ್ದ, ಈ ಸಲ ಆಗಲಿಲ್ಲ. ಇದರ ಕೆಲವು ನಿಮಿಷದ ಫಿಲಂ ಉಳಿದಿದೆ, ಯೂಟ್ಯೂಬ್‌ನಲ್ಲೂ ಸಿಗತ್ತೆ. ಗೋಡೆ ಮೇಲೆ ಸ್ವಸ್ತಿಕ ಬಾವುಟಗಳು. ಸಭೆಯಲ್ಲಿ ಗಾಯಗೊಂಡ ಸೈನಿಕರು. ಸಂಗೀತ ಮುಗಿದ ಮೇಲೆ ಗೊಬೆಲ್ಸ್ ವೇದಿಕೆ ಹತ್ತಿರ ಬಂದು ಕೈ ಚಾಚ್ತಾನೆ. ಉದ್ದನೆಯ ಫುರ್ಟ್‌ವೆಂಗ್ಲರ್ ಬಾಗಿ ಆ ಕೈ ಹಿಡೀತಾನೆ. ಆಮೇಲೆ ಕರವಸ್ತ್ರದಿಂದ ಕೈ ಒರೆಸಿಕೊಂಡ ಅನ್ನೋರಿದ್ದಾರೆ. 2001ರಲ್ಲಿ ಇಶ್ತ್ವಾನ್ ಸಾಬೊ ತೆಗೆದ ಸಿನಿಮಾವೊಂದರಲ್ಲಿ ಆ ಕರವಸ್ತ್ರವೇ ಕೊನೆಯ ದೃಶ್ಯ. ಒರೆಸಿಕೊಂಡನೋ ಇಲ್ಲವೋ, ಕೈ ಕುಲುಕಿದ್ದಂತೂ ಕಾಣತ್ತೆ.

ಯುದ್ಧದ ಕಡೆಯ ಭಾಗ ಬೇಗ ಹೇಳಿಬಿಡ್ತೀನಿ. 1944ರ ಜನವರಿ 30ರ ರಾತ್ರಿ ಬಾಂಬಿಗೆ ಆ ಸಭಾಂಗಣ ಸುಟ್ಟುಹೋಯಿತು. 1945ರ ಜನವರಿ ಕೊನೆಯಲ್ಲಿ ವಿಯೆನ್ನಾದಲ್ಲಿ ಕಛೇರಿ ಮುಗಿಸಿ ಸ್ವಿಟ್ಜರ್ಲೆಂಡ್‌ಗೆ ತಪ್ಪಿಸಿಕೊಂಡ. ಬರ್ಲಿನ್ ಬಿದ್ದ ಮೇಲೆ ರಷ್ಯದ ಸೈನ್ಯ ರೇಡಿಯೋ ಕಟ್ಟಡದ ಟೇಪುಗಳನ್ನ ಮಾಸ್ಕೋಗೆ ಸಾಗಿಸಿತು. ಹಾಗಾಗಿ 1942ರ ಒಂಬತ್ತನೇ ಸಿಂಫನಿ ಹೊರಜಗತ್ತಿಗೆ ಮೊದಲು ಸಿಕ್ಕಿದ್ದು ಮೆಲೋಡಿಯಾ ಎಂಬ ಸೋವಿಯತ್ ಕಂಪನಿಯ ಎಲ್‌ಪಿ ತಟ್ಟೆಗಳಲ್ಲಿ. ಟೇಪುಗಳು ಬರ್ಲಿನ್‌ಗೆ ವಾಪಸ್ ಬರೋಕೆ ನಾಲ್ಕು ದಶಕ ಹಿಡೀತು. 2019ರಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್‌ನವರೇ ಆ ಯುದ್ಧಕಾಲದ ರೇಡಿಯೋ ಟೇಪುಗಳನ್ನ ಶುದ್ಧ ಮಾಡಿ 22 ಡಿಸ್ಕ್‌ಗಳಲ್ಲಿ ತಂದರು.

1946ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ವಿಚಾರಣೆ. ನಾಜಿ ಸರ್ಕಾರದ ಬಿರುದು ಯಾಕೆ ಇಟ್ಟುಕೊಂಡೆ, ಪಕ್ಷದ ಸಮಾರಂಭದಲ್ಲಿ ಯಾಕೆ ನಡೆಸಿಕೊಟ್ಟೆ ಅನ್ನೋ ಥರದ ಆರೋಪಗಳು. ಅವನ ಮಾತಿನಿಂದ ಜೀವ ಉಳಿಸಿಕೊಂಡ ಯಹೂದಿಗಳು ಅವನ ಪರ ಸಾಕ್ಷಿ ಕೊಟ್ಟರು. ಖುಲಾಸೆಯಾಯ್ತು. 1947ರ ಮೇ 25ರಂದು ಬರ್ಲಿನ್‌ನಲ್ಲಿ ಮತ್ತೆ ಬೀಥೋವನ್ ನಡೆಸಿದ. ಯಹೂದಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಅದೇ ವರ್ಷ ಬಂದು ಅವನ ಜೊತೆ ನುಡಿಸಿ, ಅದಕ್ಕಾಗಿ ಬೈಗುಳ ತಿಂದ. ಅಮೆರಿಕ ಮಾತ್ರ ಕ್ಷಮಿಸಲಿಲ್ಲ. 1949ರಲ್ಲಿ ಶಿಕಾಗೊ ಆರ್ಕೆಸ್ಟ್ರಾ ಕರೆದಾಗ ಹೊರೊವಿಟ್ಜ್, ರೂಬಿನ್‌ಸ್ಟೈನ್ ಅಂಥವರು, ಇವನು ಬಂದರೆ ನಾವು ಬರಲ್ಲ ಅಂದರು. ಕರೆ ವಾಪಸಾಯಿತು. ದೇಶಭ್ರಷ್ಟನಾಗಿ ಅಮೆರಿಕದಲ್ಲಿದ್ದ ಲೇಖಕ ಥಾಮಸ್ ಮಾನ್ ಕೇಳಿದ ಪ್ರಶ್ನೆ ಇನ್ನೂ ಚೂಪಾಗಿತ್ತು: ಹಿಮ್ಲರನ ಜರ್ಮನಿಯಲ್ಲಿ ಬೀಥೋವನ್‌ನ ಒಪೆರಾವನ್ನ ಆಡಿಸೋಕೆ ಹೇಗೆ ಮನಸ್ಸು ಬಂತು? ಆ ಭಯದಲ್ಲಿ ಬದುಕಿದ ಜನಕ್ಕೆ ಬೀಥೋವನ್ ಬೇರೆ ಯಾವ ಕಾಲಕ್ಕಿಂತ ಹೆಚ್ಚು ಬೇಕಾಗಿದ್ದ ಅನ್ನೋದು ಫುರ್ಟ್‌ವೆಂಗ್ಲರ್ ಕೊಟ್ಟ ಉತ್ತರ. ಉತ್ತರ ಸುಳ್ಳಲ್ಲ. ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅನ್ನೋದು ಬೇರೆ ಮಾತು.

ಇಲ್ಲಿ ನಮ್ಮ ಮೈಸೂರು ಬರತ್ತೆ. ಜಯಚಾಮರಾಜ ಒಡೆಯರ್ ಅವರಿಗೆ ಕರ್ನಾಟಕ ಸಂಗೀತದಲ್ಲಿ ಎಷ್ಟು ಆಳ ಇತ್ತೋ ಪಾಶ್ಚಾತ್ಯ ಸಂಗೀತದಲ್ಲೂ ಅಷ್ಟೇ ಆಸಕ್ತಿ ಇತ್ತು, ಅರಮನೆಯಲ್ಲಿ ಸಾವಿರಾರು ರೆಕಾರ್ಡುಗಳಿದ್ದವು. ಯುದ್ಧ ಮುಗಿದ ಮೇಲೆ ಲಂಡನ್‌ನಲ್ಲಿ ವಾಲ್ಟರ್ ಲೆಗ್ ಎಂಬ ರೆಕಾರ್ಡಿಂಗ್ ನಿರ್ಮಾಪಕ ಕಟ್ಟಿದ ಫಿಲ್‌ಹಾರ್ಮೊನಿಯಾ ಆರ್ಕೆಸ್ಟ್ರಾಕ್ಕೆ ದುಡ್ಡಿಲ್ಲದಾಗ, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಟ್ಟವರು ಇವರು. ಅದರ ಕಛೇರಿ ಸಂಸ್ಥೆಗೆ ಮೊದಲ ಅಧ್ಯಕ್ಷರೂ ಇವರೇ. ರಿಚರ್ಡ್ ಸ್ಟ್ರೌಸ್ ಸಾಯೋಕೆ ಮುಂಚೆ ಬರೆದ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದಾಗ 4,800 ಡಾಲರ್ ಖಾತರಿ ಕೊಟ್ಟಿದ್ದರು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್‌ಹಾರ್ಮೊನಿಯಾ, ಕೋಲು ಹಿಡಿದದ್ದು ಫುರ್ಟ್‌ವೆಂಗ್ಲರ್. ಆ ಕಛೇರಿಯ ರೆಕಾರ್ಡಿಂಗ್ ಮಹಾರಾಜರಿಗಾಗಿ ಮೈಸೂರಿಗೆ ಹೋಯಿತು. ಸದ್ದು ಗರಗರ ಅನ್ನತ್ತೆ, ಆದರೂ ಅದು ಇವತ್ತಿಗೂ ಸಿಗತ್ತೆ.

ಇದಾದ ಮರುವರ್ಷವೇ ಆ 74 ನಿಮಿಷ. ಬೈರಾಯ್ಟ್ ಅಂದ್ರೆ ವಾಗ್ನರ್ ಕಟ್ಟಿಸಿದ ಒಪೆರಾ ಮಂದಿರದ ಊರು, ಹಿಟ್ಲರ್ ಪ್ರತಿವರ್ಷ ಹೋಗ್ತಿದ್ದ ಉತ್ಸವ. ಯುದ್ಧದ ನಂತರ ಮೊದಲ ಸಲ ಅದರ ಬಾಗಿಲು ತೆಗೆಯೋವಾಗ ವಾಗ್ನರ್ ಬೇಡ, ಮೊದಲು ಒಂಬತ್ತನೇ ಸಿಂಫನಿ ಆಗಲಿ ಅಂತಾಯ್ತು. 1951ರ ಜುಲೈ 29. ಒಂಟಿ ಗಾಯಕರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್, ಹಾನ್ಸ್ ಹಾಫ್, ಒಟ್ಟೊ ಎಡೆಲ್‌ಮಾನ್. ನಾಲ್ಕನೆಯವಳು ಅದೇ ಹೋಂಗೆನ್. ಒಂಬತ್ತು ವರ್ಷದ ಹಿಂದೆ ಬರ್ಲಿನ್‌ನಲ್ಲಿ ಹಾಡಿದವಳು ಅದೇ ಕಂಡಕ್ಟರ್ ಮುಂದೆ ಅದೇ ಸಾಲುಗಳಿಗೆ ಮತ್ತೆ ಎದ್ದು ನಿಂತಾಗ ಏನು ಯೋಚಿಸಿದಳೋ.

ಮೊದಲ ಭಾಗದ ಆ ನಗಾರಿಯ ಜಾಗ ಇಲ್ಲೂ ದೊಡ್ಡದಾಗೇ ಇದೆ, ಆದರೆ ಮೈಮೇಲೆ ಬೀಳಲ್ಲ, ದೂರದ ಬೆಟ್ಟದ ಮೇಲೆ ಮಳೆ ಸುರಿದ ಹಾಗೆ. ನಾನು ಮತ್ತೆ ಮತ್ತೆ ಕೇಳೋದು ಕೊನೇ ಭಾಗದ ಒಂದು ಜಾಗವನ್ನ. ಸಂತೋಷದ ಆ ರಾಗ ಮೊದಲ ಸಲ ಬರೋದು ತಳದ ತಂತಿವಾದ್ಯಗಳಲ್ಲಿ ಮಾತ್ರ, ಮೆಲ್ಲಗೆ. ಬೈರಾಯ್ಟ್‌ನಲ್ಲಿ ಅದಕ್ಕೆ ಮುಂಚೆ ಒಂದು ನಿಶ್ಶಬ್ದ ಇದೆ, ನೆಟ್ ಹೋಯ್ತೇನೋ ಅಂತ ಫೋನ್ ನೋಡಿಕೊಳ್ಳೋ ಅಷ್ಟು ಉದ್ದ. ಆಮೇಲೆ ರಾಗ ಶುರುವಾದದ್ದೂ ಗೊತ್ತಾಗಲ್ಲ, ಆಗಲೇ ಎರಡು ಸ್ವರ ಕಳೆದುಹೋಗಿರತ್ತೆ. 1942ರಲ್ಲಿ ಇದೇ ಜಾಗ ಬಂದಾಗ ಮುಂದೆ ಬರೋ ಅಬ್ಬರದ ಭಯ ಇತ್ತು. ಇಲ್ಲಿ ಯಾರೋ ಮರೆತ ಹಾಡನ್ನ ಹೆದರಿ ಹೆದರಿ ನೆನಪು ಮಾಡಿಕೊಂಡ ಹಾಗಿದೆ.

ಇಷ್ಟು ಬರೆದ ಮೇಲೆ ಒಂದು ತೊಡಕು ಹೇಳದಿದ್ದರೆ ತಪ್ಪಾಗತ್ತೆ. ಇಎಂಐ ಕಂಪನಿ ಈ ರೆಕಾರ್ಡಿಂಗ್ ಹೊರತಂದದ್ದು 1955ರಲ್ಲಿ, ಅರ್ಧ ಶತಮಾನ ಎಲ್ಲರೂ ಇದೇ ಆ ರಾತ್ರಿಯ ಕಛೇರಿ ಅಂತ ನಂಬಿದ್ದರು. ಆಮೇಲೆ ಬವೇರಿಯಾ ರೇಡಿಯೋದ ಟೇಪ್ ಹೊರಬಂತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಅಲ್ಲ, ಅನೇಕ ಜಾಗ ಬೇರೆ. ಇಎಂಐ ತಟ್ಟೆಯಲ್ಲಿ ಪೂರ್ವಾಭ್ಯಾಸದ ತುಣುಕುಗಳನ್ನ ಕತ್ತರಿಸಿ ಅಂಟಿಸಿದ್ದಾರೆ ಅನ್ನೋ ವಾದ ಎದ್ದಿತು. ಅಂಟಿಸಿದವನು ನಮ್ಮ ಮಹಾರಾಜರ ಸ್ನೇಹಿತ ಲೆಗ್ ಅಂತ ಬೊಟ್ಟು ಮಾಡಿದರು. 2021ರಲ್ಲಿ ಸ್ವೀಡನ್ನಿನ ರೇಡಿಯೋ ಆ ರಾತ್ರಿ ಪ್ರಸಾರ ಮಾಡುವಾಗ ಹಿಡಿದಿಟ್ಟ ಟೇಪ್ ಕೂಡ, ಅನೌನ್ಸರ್‌ಗಳ ದನಿ, ನಿಶ್ಶಬ್ದ, ಚಪ್ಪಾಳೆ ಯಾವುದನ್ನೂ ಕತ್ತರಿಸದೆ ಬಿಡುಗಡೆಯಾಯಿತು. ನಾನು ಈಗ ಕೇಳೋದು ಅದನ್ನೇ. ಸದ್ದು ಸ್ವಲ್ಪ ಮಂಕು, ಆದರೆ ಉದ್ದನೆಯ ಎಳೆ ಎಲ್ಲೂ ಗಂಟಿಲ್ಲದೆ ಬರತ್ತೆ. ಎಳೆ ತುಂಡಾಗತ್ತೆ ಅಂತಲೇ ಸ್ಟುಡಿಯೋಗೆ ಹೋಗದವನ ಅತ್ಯಂತ ಪ್ರಸಿದ್ಧ ರೆಕಾರ್ಡಿಂಗ್ ತುಂಡುಗಳ ಜೋಡಣೆ ಆಗಿದ್ದರೆ ಅವನು ಏನನ್ನಬೇಕು?

ಕೊನೆಯ ವರ್ಷಗಳಲ್ಲಿ ಅವನ ಕಿವಿ ಮಂದವಾಗ್ತಾ ಬಂತು. ಕಂಡಕ್ಟರ್‌ಗೆ ಕಿವಿ ಹೋಗೋದು ಅಂದ್ರೇನು ಅಂತ ವಿವರಿಸಬೇಕಿಲ್ಲ. 1954ರ ಆಗಸ್ಟ್ 22ರಂದು ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಕಡೇ ಸಲ ಒಂಬತ್ತನೇ ಸಿಂಫನಿ ನಡೆಸಿದ. ಎದುರಿಗೆ ಕೂತಿದ್ದದ್ದು ಫಿಲ್‌ಹಾರ್ಮೊನಿಯಾ, ಮೈಸೂರಿನ ದುಡ್ಡು ಕಷ್ಟಕಾಲದಲ್ಲಿ ಸಲಹಿದ ಆರ್ಕೆಸ್ಟ್ರಾ. ಮೂರರಲ್ಲಿ ಸದ್ದು ಎಲ್ಲಕ್ಕಿಂತ ಶುದ್ಧವಾಗಿರೋದು ಇದರದ್ದೇ, ಪ್ರತಿ ವಾದ್ಯವೂ ಬಿಡಿಬಿಡಿಯಾಗಿ ಕೇಳಿಸತ್ತೆ. ನಗಾರಿಯ ಜಾಗದಲ್ಲಿ ಸಿಟ್ಟಿಲ್ಲ. ಮೂರನೇ ಭಾಗ ಮುಗಿಯೋಕೆ ಮನಸ್ಸಿಲ್ಲದ ಹಾಗೆ ನಡೆಯತ್ತೆ. ಮೊದಲ ಸಲ ಕೇಳೋರು ಇದರಿಂದ ಶುರು ಮಾಡಿ, ಆಮೇಲೆ 1951, ಕಡೆಗೆ 1942. ಕೊನೆಯದನ್ನ ರಾತ್ರಿ ಕೇಳಬೇಡಿ, ಕೇಳಿದರೂ ವಾಲ್ಯೂಮ್ ಕಮ್ಮಿ ಇಡಿ, ರೂಮ್‌ಮೇಟ್ ಎದ್ದು ಕೂರ್ತಾನೆ.

ಅದೇ ವರ್ಷ ನವೆಂಬರ್ 30ರಂದು ಬಾಡನ್-ಬಾಡನ್ ಹತ್ತಿರದ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. 68 ವಯಸ್ಸು. ಹೈಡೆಲ್‌ಬರ್ಗ್‌ನಲ್ಲಿ ಮಣ್ಣು ಮಾಡಿದರು. ಬೈರಾಯ್ಟ್ ಎಲ್‌ಪಿ ಅಂಗಡಿಗೆ ಬಂದದ್ದು ಅದರ ಮರುವರ್ಷ. ಬರ್ಲಿನ್ನಿನ ಟೇಪ್ ಆಗ ಇನ್ನೂ ಮಾಸ್ಕೋದಲ್ಲೇ ಇತ್ತು.